ಮುಯ್ಯಿ

ನನಗೆ ಆರು ತುಂಬಿದ ವರ್ಷ ನಮ್ಮ ಮನೆ ನಡೆಯಿತು.
ನಗಬೇಡಿ. ಚಿಲೋಯೆ ದ್ವೀಪದಲ್ಲಿ ಮನೆಗಳು ನಡೆಯುತ್ತವೆ:
ಬುಡಕ್ಕೆ ಎರಡು ತೊಲೆ, ಮುಂದೆ ಹತ್ತು ಜೋಡಿ ಎತ್ತು,
ಹಗ್ಗದ ಉದ್ದಕ್ಕೂ ಊರು.
ಕೂಲಿ ಯಾರಿಗೂ ಇಲ್ಲ. ಸಂಜೆಗೆ, ಕುಳಿಯ ಕಾದ ಕಲ್ಲ ಮೇಲೆ ಬೆಂದ
ಆಲೂಗಡ್ಡೆ, ಕಪ್ಪೆಚಿಪ್ಪು, ಹಂದಿಯ ತುಂಡು,
ಬಿಂದಿಗೆಗಟ್ಟಲೆ ಸೇಬಿನ ಹೆಂಡ.
ಇಂದು ನಮ್ಮದನ್ನು ಅವರು, ನಾಳೆ ಅವರದನ್ನು ನಾವು.
ಮುಯ್ಯಾಳು ಎಂದರೆ ಇಷ್ಟೇ.

ಬೇಡವೆಂದರೂ ನಾನು ಒಳಗೇ ಉಳಿದಿದ್ದೆ,
ಮೇಜಿನಡಿ, ತಣ್ಣಗಾದ ಕಬ್ಬಿಣದ ಒಲೆಯ ಕಾಲು ತಬ್ಬಿ.
ಮನೆ ನನ್ನ ಬಿಟ್ಟು ಹೋದರೆ?
ಕಿಟಕಿಯಾಚೆ ಸೇಬಿನ ಮರ ಹಿಂದೆ ಸರಿಯಿತು,
ಆಮೇಲೆ ನಾಯಿ, ಆಮೇಲೆ ಸಮುದ್ರ.
ಪಕ್ಕದಲ್ಲೇ ರೊಸಾಮೆಲ್, ನೆರೆಮನೆಯ ಹುಡುಗ,
ನನ್ನ ಭಯವನ್ನೆಲ್ಲ ತಾನೇ ಅತ್ತುಬಿಡುತ್ತಿದ್ದ.
ಸಹಿಸಲಾಗಲಿಲ್ಲ. ಕಚ್ಚಿದೆ.
ಅವನೂ ಕಚ್ಚಿದ. ಮುಯ್ಯಿಗೆ ಮುಯ್ಯಿ.

ಅಜ್ಜಿ ಇಬ್ಬರ ಕಿವಿ ಹಿಡಿದು ಹೊರಗೆಳೆದಳು.
ಮೊದಲು ಯಾರು ಎಂದು ಕೇಳಲಿಲ್ಲ.
"ಕಚ್ಚಿದವರೇ ಊದಿ," ಎಂದಳು, "ಉರಿ ಆರುವವರೆಗೆ."
ಊದಿದೆವು. ಅವನ ತೋಳಲ್ಲಿ ನನ್ನ ಹಲ್ಲಿನ ಅರ್ಧಚಂದ್ರ,
ನಡುವೆ ಹಾಲುಹಲ್ಲು ಬಿದ್ದ ಜಾಗ ಖಾಲಿ.

ಹನ್ನೊಂದರಲ್ಲಿ ನನ್ನ ಬಳಿ ಲೆಕ್ಕದ ಪುಸ್ತಕವಿತ್ತು,
ಕೊನೆಯ ಹಾಳೆ ತುಂಬ ಗೀಟು:
ಅವನು ಮುರಿದ ಪೆನ್ಸಿಲು, ನಾನು ಹರಿದ ಗಾಳಿಪಟ,
ಟೀಚರಿಗೆ ಹೇಳಿದ ಚಾಡಿ, ನೀರಿಗೆ ಎಸೆದ ಎಡಗಾಲ ಬೂಟು.
ತಿಂಗಳ ಕೊನೆಗೆ ಸಮ ಮಾಡದೆ ನಿದ್ದೆ ಬರುತ್ತಿರಲಿಲ್ಲ.

ಹದಿನಾಲ್ಕರಲ್ಲಿ, ಒಂದು ಮಧ್ಯಾಹ್ನ,
ಹೊಸ ಗೆಳತಿಯರು ನಗಲಿ ಎಂದು, ಅಷ್ಟಕ್ಕೇ,
ಇಡೀ ತರಗತಿಗೆ ಕೇಳುವಂತೆ ಹೇಳಿದೆ:
ಇವನಪ್ಪ ಮೀನಿಗೆ ಹೋಗಿಲ್ಲ,
ಪುಂತಾ ಅರೇನಾಸಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ.
ನಕ್ಕರು.
ರೊಸಾಮೆಲ್ ಪೆನ್ಸಿಲು ಕೆತ್ತುತ್ತ ಕೂತ.
ಕೆತ್ತಿದ, ಕೆತ್ತಿದ, ಬೆರಳ ತುದಿಗೆ ಬರುವತನಕ.
ಮರುದಿನ ಕಾದೆ. ಆ ವಾರವೆಲ್ಲ ಕಾದೆ.
ಕಲ್ಲು ಬರಲಿಲ್ಲ, ಬೈಗುಳ ಬರಲಿಲ್ಲ.
ಮುಯ್ಯಿ ತೀರಿಸದೆ ಸುಮ್ಮನಾದವನ ಎದುರು
ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.
ಎಲ್ಲಿ ಊದಲಿ? ಗಾಯ ಕಾಣುತ್ತಿರಲಿಲ್ಲ.

ನಂತರ ಪುಯೆರ್ತೊ ಮೋಂತ್, ಮೀನು ಸೀಳುವ ಕಾರ್ಖಾನೆ,
ರಬ್ಬರ್ ಕೈಗವಸಿನೊಳಗೆ ಮರಗಟ್ಟಿದ ಇಪ್ಪತ್ತು ವರ್ಷ.
ಕ್ಷಮಿಸಿ ಎನ್ನುವುದು ಅಲ್ಲಿ ಸಲೀಸಾಯಿತು:
ಮೇಸ್ತ್ರಿಗೆ, ಬಸ್ಸಿನಲ್ಲಿ ನನ್ನದೇ ಕಾಲು ತುಳಿದವರಿಗೆ,
ಗಂಡನಿಗೆ, ಗಂಡ ಹೋದ ಮೇಲೆ ಮಗಳಿಗೆ.
ಹೇಳಬೇಕಾದ ಒಬ್ಬನನ್ನು ಬಿಟ್ಟು.
ಮಗಳು ಯಾರನ್ನೋ ಕಚ್ಚಿ ಬಂದ ದಿನ
ಬೈಯಲು ಬಾಯಿ ತೆರೆದೆ, ಉಸಿರಷ್ಟೇ ಬಂತು.

ಈ ವಸಂತದಲ್ಲಿ ಅವನಮ್ಮ ಎದುವಿನಾಳ ಅಂಗಳವನ್ನು
ಕಡಲು ತಿಂದುಹಾಕಿತು. ಮನೆ ದಿಬ್ಬಕ್ಕೆ ನಡೆಯಬೇಕು.
ಪದ್ಧತಿಯಂತೆ ಮನೆಮನೆ ಹತ್ತಿಳಿದು ಕೇಳಿಕೊಂಡ ರೊಸಾಮೆಲ್
ಕಟ್ಟಕಡೆಗೆ ನನ್ನ ಬಾಗಿಲಿಗೆ ಬಂದ. ತಲೆ ನೆರೆತಿತ್ತು,
ಟೋಪಿ ಕೈಯಲ್ಲಿ ಸುತ್ತುತ್ತಿತ್ತು. ಕೇಳಲಾರ.
ಇಪ್ಪತ್ತೇಳು ವರ್ಷ ತಿದ್ದಿ ತಿದ್ದಿ ಇಟ್ಟ ಮಾತು
ನಾಲಗೆಗೆ ಬಂದು ಬೇರೆಯೇ ಆಯಿತು:
"ಹಗ್ಗ ಎಲ್ಲಿ ಹಿಡಿಯಲಿ?"
ತುಸು ಹೊತ್ತು ನೋಡಿದ.
"ಎಡಗಡೆ," ಎಂದ. "ಅಲ್ಲಿ ಕೆಸರು ಜಾಸ್ತಿ."

ಮೊಣಕಾಲುದ್ದ ಕೆಸರು. ಅವನೂ ಅಲ್ಲೇ, ನನ್ನ ಮುಂದೆ.
ಮೂರನೆಯ ಎಳೆತಕ್ಕೆ ಅಂಗೈ ಸುಲಿಯಿತು.
ಬಾಯಿಗೆ ತಂದು ಊದುತ್ತಿದ್ದೆ, ತಿರುಗಿ ಕಂಡ.
ಕೈಗವಸು ಕಳಚಿ ಎಸೆದ. ಒಂದೇ ಒಂದು.
ಇನ್ನೊಂದನ್ನು ತಾನೇ ಇಟ್ಟುಕೊಂಡ.

ಕತ್ತಲಾಯಿತು. ಎತ್ತುಗಳು ಒಲ್ಲೆವೆಂದವು.
ಮನೆ ದಾರಿಯ ನಡುವೆ ನಿಂತಿದೆ, ತುಸು ವಾಲಿಕೊಂಡು.
ಒಳಗೆ ಎದುವಿನಾ ಒಲೆ ಹಚ್ಚಿದ್ದಾಳೆ, ಹೊಗೆ ಏಳುತ್ತಿದೆ.
ನಾಳೆ ಮತ್ತೆ ಎಳೆಯಬೇಕು.