ಜೆರಾಕ್ಸ್ ಅಂಗಡಿಯ ಅಕ್ಕ

ಅಡ್ಮಿಷನ್ ಆಯ್ತಾ? ಕೊಡು.
ಮಾರ್ಕ್ಸ್ ಕಾರ್ಡು ಎರಡು ಕಾಪಿ,
ಆಧಾರ್ ಎರಡೂ ಬದಿ ಒಂದೇ ಹಾಳೆಗೆ.
ಮಿಷನ್ನು ಬಿಸಿಯಾಗೋ ತನಕ ಆ ಫ್ಯಾನಿನ ಕೆಳಗೆ ನಿಲ್ಲು ತಮ್ಮಾ,
ದಾವಣಗೆರೆ ಬಿಸಿಲು ಹೊಸಬರನ್ನ ಮೊದಲು ಹಿಡೀತದೆ.
ಜಗಳೂರಾ?
ಆರೂವರೆ ಬಸ್ಸಿಗೆ ಎದ್ದವರ ಕಣ್ಣು ಹೀಗೇ ಇರ್ತಾವೆ.

ಹದಿನಾಲ್ಕು ವರ್ಷ ಆಯ್ತು
ಈ ಗೇಟಿನ ಎದುರು, ಈ ಸ್ಟೂಲಿನ ಮೇಲೆ.
ಒಳಗೆ ಕೂತು ಒಂದು ಪಾಠ ಕೇಳಿದವಳಲ್ಲ.
ಹಾಳೆಗೆ ಎರಡು ರೂಪಾಯಿ,
ಮಾತು ಪುಕ್ಕಟೆ.

ಆ ಹಸಿರು ಫೈಲು ಕಾಣ್ತದಲ್ಲ, ಫರ್ಜಾನಾಳ ನೋಟ್ಸು.
ನಾನು ಅಂಗಡಿ ಇಟ್ಟ ಎರಡನೇ ವರ್ಷ ಬಿ.ಕಾಂ. ಮುಗಿಸಿ ಹೋದಳು,
ಈಗ ಹರಿಹರದ ಬ್ಯಾಂಕಿನಲ್ಲಿ ಮ್ಯಾನೇಜರು.
ಅಕ್ಷರ ಮಾತ್ರ ಇಲ್ಲೇ ಉಳೀತು,
ಮುತ್ತು ಪೋಣಿಸಿದ ಹಾಗೆ,
ವರ್ಷಕ್ಕೆ ಇನ್ನೂರು ಸಲ ಪರೀಕ್ಷೆಗೆ ಕೂರ್ತದೆ.

ನಲವತ್ತೊಂದನೇ ಪುಟದಲ್ಲಿ ಒಂದು ತಪ್ಪೈತೆ.
ಸವಕಳಿ ಲೆಕ್ಕ. ಒಂಬತ್ತು ಇರಬೇಕಾದಲ್ಲಿ ಏಳು.
ನಿದ್ದೆಗಣ್ಣಿತ್ತೋ, ಕರೆಂಟು ಹೋಗಿತ್ತೋ.
ಆ ಏಳು
ಹತ್ತು ಬ್ಯಾಚು ದಾಟಿತು.
ಸಿಲಬಸ್ಸು ಬದಲಾಯ್ತು, ಪ್ರಿನ್ಸಿಪಾಲರು ಬದಲಾದರು,
ಏಳನ್ನ ಯಾರೂ ತಡೆದು ಕೇಳಲಿಲ್ಲ.

ಕೇಳಿದವಳು ಹಾಲಮ್ಮ, ಹೊನ್ನಾಳಿ ಕಡೆಯವಳು.
ಚಿಲ್ಲರೆ ಕಮ್ಮಿ ಕೊಟ್ಟರೂ ಸುಮ್ಮನೆ ಹೋಗೋ ಹುಡುಗಿ
ಹಾಳೆ ಹಿಡಕೊಂಡು ವಾಪಸ್ ಬಂದಳು:
"ಅಕ್ಕಾ, ಇದು ಕೂಡಿದರೆ ಬರಲ್ಲ."
ನಮ್ಮ ಮಿಷನ್ನು ಸರಿ ಐತೆ ಅಂದೆ ನಾನು.
ಸ್ಟಾಫ್ ರೂಮಿನ ಬಾಗಿಲ ತನಕ ಎರಡು ಸಲ ಹೋಗಿ
ಎರಡು ಸಲ ತಿರುಗಿ ಬಂದಳಂತೆ.
ಮಾರನೇ ದಿನ ಮೇಷ್ಟ್ರೇ ಗೇಟು ದಾಟಿ ಬಂದರು, ಫೈಲು ನೋಡೋಕೆ.
"ಹತ್ತು ವರ್ಷ ಇದೇ ತಪ್ಪಿಗೆ ಮಾರ್ಕು ಕಳೆದೆ,
ಎಲ್ಲರಿಗೂ ಒಂದೇ ತಪ್ಪು ಯಾಕೆ ಅಂತ
ನಾನೂ ಕೇಳಲಿಲ್ಲವಲ್ಲಮ್ಮಾ" ಅಂದರು.

ಆ ಏಳನ್ನ ನಾನು ತಿದ್ದಿಲ್ಲ. ಹಾಗೇ ಬಿಟ್ಟಿದ್ದೀನಿ.
ನೋಟ್ಸು ತಗೋ, ಬೇಡ ಅನ್ನೋಕೆ ನನಗೂ ಹೊಟ್ಟೆಯೈತೆ.
ನಲವತ್ತೊಂದನೇ ಪುಟ ಮಾತ್ರ ನೀನೇ ಮಾಡು.

ಹಾಲಮ್ಮ ನನಗೂ ಆ ಲೆಕ್ಕ ಕಲಿಸಿಕೊಟ್ಟಳು.
ಈ ಮಿಷನ್ನಿಗೇ ಹಾಕಿ ನೋಡಿದೆವು,
ವರ್ಷ ವರ್ಷ ಕಳೆದು ಉಳಿದ ಬೆಲೆ ಸೊನ್ನೆ.
ನೋಡು, ಓಡ್ತಾನೇ ಐತೆ.

ಮತ್ತೇನು?
ಜಗಳೂರಿನವರೆಲ್ಲ ಒಂದೇ ಬೆಂಚಿಗೆ ಕೂರಬೇಡಿ.
ಅಷ್ಟಕ್ಕೆ ಬಸ್ ಸ್ಟ್ಯಾಂಡೇ ಸಾಕಿತ್ತು.
ಬೆಣ್ಣೆ ದೋಸೆಗೆ ಒಬ್ಬನೇ ಹೋಗಬೇಡ,
ಜೊತೆಗೆ ಹೆಸರು ಗೊತ್ತಿಲ್ಲದವನನ್ನ ಕರಕೊಂಡು ಹೋಗು,
ಬರುವಾಗ ಗೊತ್ತಾಗಿರ್ತದೆ.
ಇಂಗ್ಲಿಷು ಬರಲ್ಲ ಅಂತ ಬಾಯಿ ಹೊಲಕೋಬೇಡ;
ಒಳಗೆ ಗತ್ತಿನಿಂದ ಓಡಾಡೋರಲ್ಲಿ ನಾಲ್ಕು ಜನ
ನಿನ್ನ ಹಾಗೇ ಬಸ್ಸಿಳಿದು ಬಂದೋರು,
ಅವರ ಟೀಸಿ ಜೆರಾಕ್ಸ್ ಮಾಡಿದ್ದು ನಾನು.

ಒಂದು ಸಬ್ಜೆಕ್ಟು ಉಳಿದರೆ
ಅರ್ಜಿ ಇಲ್ಲೇ ಸಿಗ್ತದೆ, ಐದು ರೂಪಾಯಿ.
ಕತ್ತಲಾದ ಮೇಲೆ ಕದ್ದು ಬರಬೇಡ, ಹಗಲಿಗೇ ಬಾ.
ಹಾಗೆ ಕತ್ತಲಲ್ಲಿ ಬಂದಿದ್ದವನೊಬ್ಬ
ಹೋದ ತಿಂಗಳು ಪಿಎಚ್‌ಡಿ ಥೀಸಿಸ್ಸು ಬೈಂಡಿಂಗಿಗೆ ಹಾಕಿದ,
ಆರು ಕಾಪಿ, ಕಪ್ಪು ರಟ್ಟು, ಬಂಗಾರದ ಅಕ್ಷರ.
ಅದರೊಳಗೆ ಏನಿತ್ತೋ ನನಗೆ ತಿಳೀಲಿಲ್ಲ,
ಪುಟದ ನಂಬರು ಸರಿ ಇದ್ದವು.

ತಗೋ. ಫೋಟೋ ಕಪ್ಪಾಗಿ ಬಂದೈತೆ,
ನಿಮ್ಮಮ್ಮ ನೋಡಿದರೂ ಗುರುತು ಹಿಡಿಯಲ್ಲ. ಆಫೀಸಿನವರಿಗೆ ನಡೀತದೆ.
ಆರು ರೂಪಾಯಿ. ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡು,
ಮೂರು ವರ್ಷ ಇಲ್ಲೇ ಇರ್ತೀಯಲ್ಲ.

ಏ ತಮ್ಮಾ, ನಿಲ್ಲು!
ಕಾಪಿ ಎತ್ತಿಕೊಂಡು ಓಡಿದೆಯಲ್ಲ,
ಒರಿಜಿನಲ್ಲು ಗಾಜಿನ ಮೇಲೇ ಬಿಟ್ಟೆ.