ಒಂದೇ ಬಾಗಿಲು

ಹೊಸ ನಿಯಮ: ಮೆಂಬರನ ಸಹಿ ಬೇಡ,
ಫೋಟೊ ಸಾಕು. ತಳಪಾಯ, ಲಿಂಟಲ್, ಛಾವಣಿ.
ಮನೆಯೊಡತಿ ಎದುರಿಗೆ ನಿಂತಿರಬೇಕು,
ಕಣ್ಣು ಮಿಟುಕಿಸಬೇಕು.

ದೇವಸೂಗೂರಿನ ಹಿಂದಿನ ಓಣಿ,
ಬೂದಿ ಇಟ್ಟಂಗಿಯ ಹನ್ನೊಂದು ಮನೆ.
ಕೊನೆಯ ಕಂತಿಗೆ ಬಾಗಿಲು ಕಾಣಬೇಕಂತೆ.
ಕಂತು ಬಂದರಲ್ಲವೆ ಬಾಗಿಲು?

ಹುಸೇನಮ್ಮ ತನ್ನ ಗುಡಿಸಲಿನದನ್ನೇ ಕಿತ್ತು ತಂದಳು:
ಹಸಿರು ಬಣ್ಣ, ನಡುವೆ ಗಂಟು ಉದುರಿದ ತೂತು.
ಫೋಟೊ ಹೊಡೆದೆ.
ನಾನು ಚಹಾ ಕುಡಿಯುವಷ್ಟರಲ್ಲಿ
ಅದೇ ಬಾಗಿಲು ಖಾಸಿಂಬಿಯ ಮನೆಗೆ,
ಆಮೇಲೆ ತಾಯಪ್ಪನ ಹೆಂಡತಿಯ ಹೊಸ್ತಿಲಿಗೆ,
ನಾಲ್ಕು ಹುಡುಗರ ಹೆಗಲ ಮೇಲೆ.

ಅಕ್ಷಾಂಶ ಬೇರೆ, ಮುಖ ಬೇರೆ,
ತೂತು ಒಂದೇ.
‘ಬಾಗಿಲು ಇದೆಯೇ?’ ಫೋನು ಕೇಳಿತು.
ಹನ್ನೊಂದು ಸಲ ‘ಹೌದು’ ಒತ್ತಿದೆ.

ಸಂಜೆ ಹುಸೇನಮ್ಮ ಹುಡುಕುತ್ತಿದ್ದಳು:
“ಸರ, ನಮ್ಮ ಬಾಗ್ಲ ಯಾರ ಮನ್ಯಾಗ ಐತ್ರಿ?”