ಬಿ ಕಂಪನಿಯ ನಾಯಿ

ನಾನು ಅವರ್ಯಾರನ್ನೂ ಕಂಡವಳಲ್ಲ.
ವಾಸಾ ಪಟ್ಟಣದ ಒಂದು ಮೂರನೆಯ ಮಹಡಿಯಲ್ಲಿ ಕೂತು
ಕಾಲಡಿಯ ಪೆಡಲು ಒತ್ತಿ, ಬಿಟ್ಟು, ಮತ್ತೆ ಒತ್ತಿ
ಅವರಾಡಿದ್ದನ್ನು ಅಕ್ಷರಕ್ಕಿಳಿಸುವವಳು.
ಟೇಪಿನ ನಿಮಿಷ ಎಣಿಸಿ ನನಗೆ ಸಂಬಳ.

ನಾಲ್ಕು ಕಂಪನಿ, ಎಂಟು ವರ್ಷ,
ಪ್ರತಿ ಅಕ್ಟೋಬರಿಗೆ ಅವೇ ಹದಿನಾರು ಪ್ರಶ್ನೆ.
ಎ ಅಂದರೆ ದೋಣಿ ಕಟ್ಟುವವರು, ಬಿ ಚರ್ಮದ ಕೈಗವಸು,
ಸಿ ಗಾಜಿನ ಮನೆಯ ಟೊಮೆಟೊ,
ಡಿಯಲ್ಲಿ ಪಂಪು, ಮತ್ತು ಜಗಳವಾಡುವ ಇಬ್ಬರು ಭಾವಂದಿರು.

ಒಂದಗುಳು ಹಿಸುಕಿದರೆ ಸಾಕು, ಅನ್ನ ಬೆಂದದ್ದು ತಿಳಿಯುತ್ತದೆ—
ಪ್ರೊಫೆಸರ್ ಗುನ್ನೆವಿ ಈ ಮಾತು ಒಪ್ಪುವವರಲ್ಲ.
ನಾಲ್ಕು ಒಲೆ ಹೂಡಿ, ನಾಲ್ಕು ಪಾತ್ರೆ ಇಟ್ಟು
ಎಂಟು ವರ್ಷ ಮುಚ್ಚಳ ತೆಗೆದು ನೋಡಿದವರು.
ಒಂದರಲ್ಲಿ ಕಂಡದ್ದು ಇನ್ನೊಂದರಲ್ಲೂ ಕಂಡರೆ ತಲೆಯಾಡಿಸುತ್ತಾರೆ;
ಕಾಣದಿದ್ದರೆ ಇನ್ನೂ ಖುಷಿ.

ಬಿಯವನು ಮೊದಲ ವರ್ಷ ಜೋರು ಮಾತಿನವನು:
"ರಫ್ತೇ? ಕನಸಲ್ಲೂ ಇಲ್ಲ.
ಈ ಊರ ಚಳಿ, ಈ ಊರ ಕೈ, ಅಷ್ಟು ಸಾಕು ನಮಗೆ."
ಹಿಂದೆಲ್ಲೋ ಬೊಗಳಿದ ಸದ್ದು.
ಕಂಸದೊಳಗೆ ಬರೆದೆ: (ನಾಯಿ).
ಎರಡನೆಯ ವರ್ಷ ಅವನು ಅದನ್ನು ಹೆಸರು ಹಿಡಿದು ಗದರಿದ.
ಹೆಸರು ಹೊಡೆದುಹಾಕಿದೆ. ಊರು ಸಣ್ಣದು,
ನಾಯಿಯಿಂದಲೇ ಯಜಮಾನನ ಗುರುತು ಸಿಕ್ಕೀತು.

ನಾಲ್ಕನೆಯ ವರ್ಷ ಹೊಲಿಗೆ ಯಂತ್ರಗಳ ಸದ್ದಿನಲ್ಲಿ
ಮಾತು ಹೆಕ್ಕುವುದೇ ಕಷ್ಟವಾಯಿತು. ನಾರ್ವೆಯ ಆರ್ಡರು.
ಐದನೆಯ ವರ್ಷ
ಮಾತಿನ ನಡುವೆ ಅವನು ಸುಮ್ಮನಾದ,
ಬೊಗಳುವುದಕ್ಕೆ ಜಾಗ ಬಿಟ್ಟವನಂತೆ.
ಗಡಿಯಾರ ನೋಡಿ ಬರೆದೆ: (ಮೌನ, ನಾಲ್ಕು ಸೆಕೆಂಡು).

ಆರನೆಯ ವರ್ಷ: "ಮೊದಲ ದಿನವೇ ಗೊತ್ತಿತ್ತು ನನಗೆ,
ಈ ಮಾಲು ಕಡಲು ದಾಟಬೇಕಾದ್ದೆಂದು."
ಟೇಪನ್ನು ಹಿಂದಕ್ಕೆ ತಿರುಗಿಸಿದೆ. ಮೊದಲ ವರ್ಷದ್ದನ್ನೂ ಹಾಕಿ ಕೇಳಿದೆ.
ಎರಡರಲ್ಲೂ ದನಿ ನಡುಗಿಲ್ಲ. ಸುಳ್ಳು ಎರಡರಲ್ಲೂ ಇಲ್ಲ.
ಅಂಚಿನಲ್ಲಿ ಗುನ್ನೆವಿಯ ಹಸಿರು ಪೆನ್ಸಿಲು:
"ಈಗಷ್ಟೇ ಬಂದು ಕೇಳಿದ್ದರೆ
ದೂರದೃಷ್ಟಿ ಎಂದು ಬರೆದುಬಿಡುತ್ತಿದ್ದೆ."

ಸಿ ಏಳನೆಯ ವರ್ಷ ಮುಚ್ಚಿತು.
ಆದರೂ ಅಕ್ಟೋಬರಿಗೆ ಟೇಪು ಬಂತು.
ಹದಿನಾರರಲ್ಲಿ ಮೂರಕ್ಕೆ ಉತ್ತರ,
ಮಿಕ್ಕಿದ್ದೆಲ್ಲ ಕಾಫಿ ಸುರಿಯುವ ಸದ್ದು.
ಅದಕ್ಕೂ ನಿಮಿಷದ ಲೆಕ್ಕದಲ್ಲೇ ದುಡ್ಡು ಕೊಟ್ಟರು,
ತೆಗೆದುಕೊಂಡೆ.

ಕೊನೆಯ ಟೇಪಿನ ಕೊನೆಯಲ್ಲಿ ಬಿಯವನು ಕೇಳುತ್ತಾನೆ:
"ಬರುವ ವರ್ಷ ನೀವು ಬರುವುದಿಲ್ಲವೆ?
ಪ್ರತಿ ಸೆಪ್ಟೆಂಬರು ಲೆಕ್ಕ ಹಾಕುತ್ತಿದ್ದೆನಲ್ಲ,
ಏನು ಮಾಡಿದೆ, ಯಾಕೆ ಮಾಡಿದೆ ಅಂತ—
ಇನ್ನು ಯಾರಿಗೆ ಹೇಳಲಿ?"
ಗುನ್ನೆವಿಯ ಉತ್ತರ ಟೇಪಿನಲ್ಲಿಲ್ಲ. ಕುರ್ಚಿ ಸರಿದ ಸದ್ದಿದೆ.

ಗೋಡೆಯಷ್ಟು ಅಗಲದ ಕೋಷ್ಟಕವೊಂದಿದೆ ಅವರ ಕೋಣೆಯಲ್ಲಿ.
ನಾಲ್ಕು ಕಂಬಸಾಲು, ಎಂಟು ಅಡ್ಡಸಾಲು,
ಸಾಲ, ಮಾರಾಟ, ಮಗಳು ಸೇರಿದ್ದು, ಅಳಿಯ ಬಿಟ್ಟದ್ದು.
ನಾಯಿಗೆ ಮನೆಯಿಲ್ಲ ಅದರಲ್ಲಿ.

ಯಂತ್ರ ಆರಿಸುವ ಮುನ್ನ
ಬಾಗಿಲಾಚೆಯಿಂದ ಕೀಚಲು ಬೊಗಳು.
ಪೆಡಲು ಒತ್ತಿ ಹಿಡಿದೆ. ಮತ್ತೊಮ್ಮೆ ಕೇಳಿದೆ.
ಬರೆದೆ: (ನಾಯಿ).
ತುಸು ತಡೆದು, ಕಂಸ ತೆರೆದು ಸೇರಿಸಿದೆ: ಇನ್ನೊಂದು.